ಮೆಮೊರಿ ಕಾರ್ಡ್ ಹಾಗೂ ಪೆನ್ ಡ್ರೈವ್: ದತ್ತಾಂಶ ಕೊಂಡೊಯ್ಯುವ ಸಾಧನಗಳ ಆಯ್ಕೆ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಕಡತಗಳನ್ನು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ, ಕ್ಯಾಮೆರಾದಿಂದ ಸ್ಟುಡಿಯೋಗೆ, ಮನೆಯಿಂದ ಜೆರಾಕ್ಸ್ ಅಂಗಡಿಗೆ ಕೊಂಡೊಯ್ಯಲು ಸಾರ್ವಜನಿಕರು ಹೆಚ್ಚಾಗಿ ಅವಲಂಬಿಸುವ ಸಾಧನಗಳು ಎರಡು. ಮೊದಲನೆಯದು ಮೊಬೈಲ್ ಫೋನ್, ಕ್ಯಾಮೆರಾ ಮುಂತಾದ ಉಪಕರಣಗಳೊಳಗೆ ಕೂರುವ ಮೆಮೊರಿ ಕಾರ್ಡ್. ಎರಡನೆಯದು ಯು.ಎಸ್.ಬಿ. ಸ್ಟಿಕ್ ಎಂಬ ಹೆಸರುಳ್ಳ, ಕರ್ನಾಟಕದಲ್ಲಿ ಪೆನ್ ಡ್ರೈವ್ ಎಂದೇ ರೂಢಿಯಲ್ಲಿರುವ ಸಾಧನ. ಅಂಗಡಿಯಲ್ಲಿ ಎರಡೂ ಒಂದೇ ಸಾಮರ್ಥ್ಯದಲ್ಲಿ, ಬಹುಮಟ್ಟಿಗೆ ಸಮೀಪದ ಬೆಲೆಯಲ್ಲಿ ದೊರೆಯುವುದರಿಂದ ಯಾವುದನ್ನು ಕೊಂಡರೂ ಒಂದೇ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಮೆಮೊರಿ ಕಾರ್ಡ್ ಒಂದು ಉಪಕರಣದೊಳಗೆ ನೆಲೆಸಿ ಕೆಲಸ ಮಾಡಲೆಂದು ರೂಪುಗೊಂಡದ್ದು. ಪೆನ್ ಡ್ರೈವ್ ಉಪಕರಣಗಳ ನಡುವೆ ಸಂಚರಿಸಲೆಂದು ರೂಪುಗೊಂಡದ್ದು. ಅಮೂಲ್ಯವಾದ ಕಡತವೊಂದರ ಏಕೈಕ ಪ್ರತಿಯನ್ನು ವರ್ಷಗಟ್ಟಲೆ ಇರಿಸಲು ಇವೆರಡರಲ್ಲಿ ಯಾವುದೂ ರೂಪುಗೊಂಡದ್ದಲ್ಲ. ಮದುವೆಯ ಚಿತ್ರಗಳು, ಪ್ರಬಂಧದ ಕರಡು, ಅಗಲಿದ ಹಿರಿಯರ ಧ್ವನಿಮುದ್ರಿಕೆ ಇತ್ಯಾದಿಗಳನ್ನು ಜನರು ಕಳೆದುಕೊಳ್ಳುವುದು ಬಹುತೇಕ ಈ ವ್ಯತ್ಯಾಸವನ್ನು ಗಮನಿಸದೆ ಇರುವುದರಿಂದಲೇ ಆಗಿದೆ.

ಎರಡರ ಒಳಗಿರುವ ವಸ್ತು ಒಂದೇ

ಹೊರಗಿನ ಆಕಾರ ಬೇರೆಯಾದರೂ ಎರಡೂ ಸಾಧನಗಳ ಒಳಗಿರುವುದು ಫ್ಲ್ಯಾಶ್ ಮೆಮೊರಿ ಎಂಬ ಅರೆವಾಹಕ ಚಿಪ್ ಹಾಗೂ ಅದನ್ನು ನಿಯಂತ್ರಿಸುವ ಕಂಟ್ರೋಲರ್. ಈ ತಂತ್ರಜ್ಞಾನವನ್ನು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೋ ಮಸುವೋಕ ಅವರು 1984ರಲ್ಲಿ ಮೊದಲು ಪ್ರಕಟಪಡಿಸಿದರು. ಇಂದಿನ ಕಾರ್ಡ್ ಮತ್ತು ಪೆನ್ ಡ್ರೈವ್‌ಗಳಲ್ಲಿ ಬಳಕೆಯಾಗುವ ನ್ಯಾಂಡ್ ಮಾದರಿಯ ಫ್ಲ್ಯಾಶ್ ಅದೇ ಸಂಸ್ಥೆಯಿಂದ 1987ರಲ್ಲಿ ಹೊರಬಂದಿತು. ಇದರಲ್ಲಿ ಮಾಹಿತಿಯು ಅತಿ ಸೂಕ್ಷ್ಮವಾದ ಕೋಶಗಳೊಳಗೆ ಸಿಲುಕಿಸಿದ ವಿದ್ಯುತ್ ಕಣಗಳ ರೂಪದಲ್ಲಿ ಇರುತ್ತದೆ. ವಿದ್ಯುತ್ ಸಂಪರ್ಕ ತೆಗೆದರೂ ಆ ಕಣಗಳು ಅಲ್ಲಿಯೇ ಉಳಿಯುವುದರಿಂದ ಕಡತವೂ ಉಳಿಯುತ್ತದೆ.

ಆದರೆ ಇದಕ್ಕೆ ಎರಡು ಮಿತಿಗಳಿವೆ. ಒಂದು ಕೋಶವನ್ನು ಅಳಿಸಿ ಮತ್ತೆ ಬರೆಯುವ ಪ್ರತಿಯೊಂದು ಸಲವೂ ಅದು ಅಲ್ಪಸ್ವಲ್ಪ ಸವೆಯುತ್ತದೆ. ಅಲ್ಲದೆ ಸಿಲುಕಿದ ಕಣಗಳು ಕಾಲಕ್ರಮೇಣ ಸೋರಿಹೋಗುತ್ತವೆ. ಉಷ್ಣತೆ ಹೆಚ್ಚಿದಷ್ಟೂ, ಕೋಶ ಸವೆದಷ್ಟೂ ಈ ಸೋರಿಕೆ ಹೆಚ್ಚು. ಮೊದಮೊದಲು ಒಂದು ಕೋಶದಲ್ಲಿ ಒಂದೇ ಬಿಟ್ ಇರಿಸಲಾಗುತ್ತಿತ್ತು. ಬೆಲೆ ತಗ್ಗಿಸುವ ಸಲುವಾಗಿ ಅದೇ ಕೋಶದಲ್ಲಿ ಎರಡು, ಮೂರು, ಈಗ ನಾಲ್ಕು ಬಿಟ್‌ಗಳನ್ನೂ ಇರಿಸಲಾಗುತ್ತಿದೆ. ಸಾಮರ್ಥ್ಯ ಬೆಳೆದು ಬೆಲೆ ಇಳಿದಿರುವುದು ಇದರಿಂದಲೇ. ಬಾಳಿಕೆ ಕುಗ್ಗಿರುವುದೂ ಇದರಿಂದಲೇ. ಆದುದರಿಂದ ಕಾರ್ಡ್ ಹೆಚ್ಚು ಬಾಳುವುದೋ ಪೆನ್ ಡ್ರೈವ್ ಹೆಚ್ಚು ಬಾಳುವುದೋ ಎಂಬ ಪ್ರಶ್ನೆಗೆ ಆಕಾರವನ್ನು ನೋಡಿ ಉತ್ತರ ಹೇಳಲಾಗದು. ಒಳಗೆ ಹಾಕಿರುವ ಚಿಪ್ಪಿನ ಗುಣಮಟ್ಟವೇ ಅದನ್ನು ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅತಿ ಅಗ್ಗದ ಪೆನ್ ಡ್ರೈವ್‌ಗಳಲ್ಲಿ, ಜಾಹೀರಾತಿನ ಸಲುವಾಗಿ ಉಚಿತವಾಗಿ ಹಂಚುವವುಗಳಲ್ಲಂತೂ, ಕೆಳದರ್ಜೆಯ ಚಿಪ್ ಇರುವ ಸಂಭವ ಹೆಚ್ಚು.

ಬೆಳವಣಿಗೆ

ಫ್ಲಾಪಿ ಬಳಕೆಯಲ್ಲಿದ್ದ ಕಾಲದಲ್ಲಿ ಒಂದು ತಟ್ಟೆಯಲ್ಲಿ 1.44 ಮೆಗಾಬೈಟ್ ಮಾತ್ರ ಹಿಡಿಯುತ್ತಿತ್ತು. ಇಂದಿನ ಮೊಬೈಲ್ ಫೋನ್ ತೆಗೆಯುವ ಒಂದು ಚಿತ್ರಕ್ಕೂ ಅದು ಸಾಲದು. ಡಿಜಿಟಲ್ ಕ್ಯಾಮೆರಾಗಳು ಬಂದಂತೆ 1994ರಲ್ಲಿ ಕಾಂಪ್ಯಾಕ್ಟ್ ಫ್ಲ್ಯಾಶ್, 1995ರಲ್ಲಿ ಸ್ಮಾರ್ಟ್ ಮೀಡಿಯಾ, 1998ರಲ್ಲಿ ಸೋನಿ ಸಂಸ್ಥೆಯ ಮೆಮೊರಿ ಸ್ಟಿಕ್, 2002ರಲ್ಲಿ ಎಕ್ಸ್‌ಡಿ ಪಿಕ್ಚರ್ ಕಾರ್ಡ್ ಹೀಗೆ ಹತ್ತಾರು ಬಗೆಯ ಕಾರ್ಡ್‌ಗಳು ಹೊರಬಂದವು. ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್ ಮತ್ತು ತೋಷಿಬಾ ಸಂಸ್ಥೆಗಳು 1999ರಲ್ಲಿ ಜಂಟಿಯಾಗಿ ರೂಪಿಸಿದ ಎಸ್.ಡಿ. ಕಾರ್ಡ್ ಈ ಪೈಪೋಟಿಯಲ್ಲಿ ಉಳಿದುಕೊಂಡಿತು. ಅದರ ಕಿರಿಯ ರೂಪವಾದ ಮೈಕ್ರೋ ಎಸ್.ಡಿ. 2005ರಲ್ಲಿ ಪ್ರಮಾಣಿತವಾಯಿತು. ಎಸ್.ಡಿ. ಕಾರ್ಡ್ 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ ಇದ್ದರೆ ಮೈಕ್ರೋ ಎಸ್.ಡಿ. ಕೇವಲ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ ಇರುತ್ತದೆ. ಬೆರಳಿನ ಉಗುರಿನಷ್ಟು ಚಿಕ್ಕದಾದ ಈ ವಸ್ತು ಕೈಜಾರಿದರೆ ಮತ್ತೆ ಸಿಗುವುದು ಕಷ್ಟ.

ಪೆನ್ ಡ್ರೈವ್ 2000ನೇ ಇಸವಿಯಲ್ಲಿ ಮಾರುಕಟ್ಟೆಗೆ ಬಂದಿತು. ಸಿಂಗಪುರದ ಟ್ರೆಕ್ ಸಂಸ್ಥೆಯ ಥಂಬ್ ಡ್ರೈವ್ ಹಾಗೂ ಇಸ್ರೇಲಿನ ಎಂ-ಸಿಸ್ಟಮ್ಸ್ ಸಂಸ್ಥೆಯು ತಯಾರಿಸಿ ಐ.ಬಿ.ಎಂ. ಮಾರಾಟ ಮಾಡಿದ ಡಿಸ್ಕ್ ಆನ್ ಕೀ ಇವುಗಳಲ್ಲಿ ಮೊದಲಿನವು. ಎರಡನೆಯದರ ಸಾಮರ್ಥ್ಯ 8 ಮೆಗಾಬೈಟ್. ಇದನ್ನು ಮೊದಲು ಕಂಡುಹಿಡಿದವರು ಯಾರೆಂಬ ಬಗ್ಗೆ ಸಂಸ್ಥೆಗಳ ನಡುವೆ ಪೇಟೆಂಟ್ ವ್ಯಾಜ್ಯಗಳು ನಡೆದಿವೆ.

ಈ ಚರಿತ್ರೆಯಿಂದ ಆಯ್ಕೆಗೆ ಉಪಯುಕ್ತವಾದ ಒಂದು ಅಂಶ ತಿಳಿದುಬರುತ್ತದೆ. 2000ನೇ ಇಸವಿಯ ಪೆನ್ ಡ್ರೈವ್ ಕೆಟ್ಟಿರದಿದ್ದಲ್ಲಿ ಇಂದಿನ ಗಣಕಯಂತ್ರದ ಆಯತಾಕಾರದ ಯು.ಎಸ್.ಬಿ. ಕಿಂಡಿಗೂ ಹೊಂದಿಕೊಳ್ಳುತ್ತದೆ. ಅದೇ ದಶಕದ ಸ್ಮಾರ್ಟ್ ಮೀಡಿಯಾ ಅಥವಾ ಎಕ್ಸ್‌ಡಿ ಕಾರ್ಡ್ ಮನೆಯ ಕಪಾಟಿನಲ್ಲಿ ಸಿಕ್ಕರೆ ಅದನ್ನು ಓದುವ ಸಾಧನವನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಹಳೆಯ ಕ್ಯಾಮೆರಾದ ಕಾರ್ಡ್‌ಗಳನ್ನು ಇನ್ನೂ ಇರಿಸಿಕೊಂಡಿರುವವರು ಅವುಗಳಲ್ಲಿನ ಚಿತ್ರಗಳನ್ನು ಬೇಗನೆ ಬೇರೆಡೆಗೆ ನಕಲು ಮಾಡಿಕೊಳ್ಳುವುದು ಒಳಿತು. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆಯತಾಕಾರದ ಕಿಂಡಿಯೇ ಇಲ್ಲದೆ ಅಂಡಾಕಾರದ ಟೈಪ್-ಸಿ ಕಿಂಡಿ ಮಾತ್ರ ಇರುವುದೂ ಉಂಟು. ಹೊಸದಾಗಿ ಕೊಳ್ಳುವವರು ಎರಡೂ ಬಗೆಯ ತುದಿಗಳುಳ್ಳ ಪೆನ್ ಡ್ರೈವ್ ಕೊಂಡಲ್ಲಿ ಮೊಬೈಲ್ ಫೋನಿಗೂ ನೇರವಾಗಿ ಜೋಡಿಸಬಹುದಾಗಿದೆ.

ಮೆಮೊರಿ ಕಾರ್ಡ್ ಸೂಕ್ತವಾಗುವ ಸಂದರ್ಭಗಳು

ದತ್ತಾಂಶವು ಹುಟ್ಟುವುದೇ ಒಂದು ಉಪಕರಣದೊಳಗೆ ಎಂದಾದಲ್ಲಿ ಕಾರ್ಡ್ ಹೊರತು ಅನ್ಯ ಮಾರ್ಗವಿಲ್ಲ. ಕ್ಯಾಮೆರಾ, ಧ್ವನಿಮುದ್ರಣ ಯಂತ್ರ, ಡ್ರೋನ್, ವಾಹನದ ಮುಂಗಾಜಿನ ಕ್ಯಾಮೆರಾ ಇವೆಲ್ಲವೂ ಕಾರ್ಡ್‌ಗಾಗಿ ರಚಿತವಾದವು. ಬಂಡೀಪುರ, ನಾಗರಹೊಳೆಯಂತಹ ಅರಣ್ಯಗಳಲ್ಲಿ ಹುಲಿ ಎಣಿಕೆಗಾಗಿ ಮರಗಳಿಗೆ ಕಟ್ಟುವ ಸ್ವಯಂಚಾಲಿತ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ಚಿತ್ರ ದಾಖಲಾಗುವುದು ಕಾರ್ಡಿನಲ್ಲಿ. ಕಾರ್ಡ್ ಹೊರಗೆ ಚಾಚಿಕೊಳ್ಳದೆ ಒಳಗೆ ಕೂರುವುದರಿಂದ ಉಪಕರಣವನ್ನು ಹೊತ್ತು ನಡೆಯುವಾಗ ತಗುಲಿ ಮುರಿಯುವ ಭಯವಿರುವುದಿಲ್ಲ.

ಕಾರ್ಡ್ ಕೊಳ್ಳುವಾಗ ಅದರ ಮೇಲಿನ ಚಿಹ್ನೆಗಳನ್ನು ಓದುವುದು ಅವಶ್ಯಕ. ವೃತ್ತಾಕಾರದ ಚಿಹ್ನೆಯೊಳಗೆ 2, 4, 6 ಅಥವಾ 10 ಎಂದಿದ್ದರೆ ಅದು ಸೆಕೆಂಡಿಗೆ ಕನಿಷ್ಠ ಅಷ್ಟು ಮೆಗಾಬೈಟ್ ವೇಗದಲ್ಲಿ ಸತತವಾಗಿ ಬರೆಯಬಲ್ಲದು ಎಂದರ್ಥ. ಇಂಗ್ಲಿಷಿನ ‘ಯು’ ಅಕ್ಷರದ ಆಕಾರದೊಳಗೆ 1 ಇದ್ದರೆ 10 ಮೆಗಾಬೈಟ್, 3 ಇದ್ದರೆ 30 ಮೆಗಾಬೈಟ್. ‘ವಿ’ ಅಕ್ಷರದ ಮುಂದೆ 6, 10, 30, 60, 90 ಎಂದು ನಮೂದಿಸಿರುವುದು ವಿಡಿಯೋ ವರ್ಗ. ಅಲ್ಲಿಯೂ ಸಂಖ್ಯೆಯೇ ವೇಗ. ‘ಎ’ ಅಕ್ಷರದೊಡನೆ 1 ಅಥವಾ 2 ಇರುವುದು ಮೊಬೈಲ್ ಆ್ಯಪ್‌ಗಳನ್ನು ಕಾರ್ಡಿನಿಂದಲೇ ನಡೆಸುವವರಿಗೆ ಸಂಬಂಧಿಸಿದ್ದು. ಇವು ಕನಿಷ್ಠ ವೇಗದ ಭರವಸೆಗಳು. ಪೊಟ್ಟಣದ ಮೇಲೆ ದಪ್ಪ ಅಕ್ಷರಗಳಲ್ಲಿ ಮುದ್ರಿಸುವ 100, 150 ಮುಂತಾದ ಸಂಖ್ಯೆಗಳು ಸಾಮಾನ್ಯವಾಗಿ ಓದುವ ಗರಿಷ್ಠ ವೇಗವಾಗಿದ್ದು ಚಿತ್ರೀಕರಣಕ್ಕೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕ್ಯಾಮೆರಾದ ವಿವರಣೆಯಲ್ಲಿ ವಿಡಿಯೋ ವೇಗವನ್ನು ಮೆಗಾಬಿಟ್‌ನಲ್ಲಿಯೂ ಕಾರ್ಡಿನ ಮೇಲೆ ಮೆಗಾಬೈಟ್‌ನಲ್ಲಿಯೂ ನಮೂದಿಸುವುದು ಗೊಂದಲಕ್ಕೆ ಕಾರಣವಾಗಿದೆ. ಎಂಟು ಬಿಟ್ ಸೇರಿ ಒಂದು ಬೈಟ್. ಸೆಕೆಂಡಿಗೆ 100 ಮೆಗಾಬಿಟ್ ದರದ ವಿಡಿಯೋಗೆ ಬೇಕಾಗುವುದು 12.5 ಮೆಗಾಬೈಟ್ ವೇಗ ಮಾತ್ರ. ವಿ30 ಕಾರ್ಡ್ ಅದಕ್ಕೆ ಧಾರಾಳವಾಗಿ ಸಾಕು. ಅಂತಹ ಚಿತ್ರೀಕರಣವು ಒಂದು ಗಂಟೆಗೆ ಸುಮಾರು 45 ಗಿಗಾಬೈಟ್ ಜಾಗ ಬಳಸುತ್ತದೆ. ಮದುವೆ ಚಿತ್ರೀಕರಣ ಮಾಡುವವರು 256 ಗಿಗಾಬೈಟಿನ ಒಂದೇ ಕಾರ್ಡಿಗಿಂತ 64 ಗಿಗಾಬೈಟಿನ ನಾಲ್ಕು ಕಾರ್ಡ್‌ಗಳನ್ನು ಇರಿಸಿಕೊಳ್ಳುವುದು ಕ್ಷೇಮ. ಒಂದು ಕೆಟ್ಟರೆ ಧಾರೆಯ ದೃಶ್ಯ ಹೋದೀತು, ಆರತಕ್ಷತೆಯಾದರೂ ಉಳಿದೀತು. ಎರಡು ಕಾರ್ಡ್ ಕಿಂಡಿಗಳುಳ್ಳ ಕ್ಯಾಮೆರಾದಲ್ಲಿ ಎರಡರಲ್ಲಿಯೂ ಏಕಕಾಲಕ್ಕೆ ದಾಖಲಾಗುವಂತೆ ಹೊಂದಿಸುವುದು ಇದಕ್ಕಿಂತಲೂ ಉತ್ತಮ.

ಮನೆ, ಅಂಗಡಿಗಳ ಕಣ್ಗಾವಲು ಕ್ಯಾಮೆರಾಗಳು ಹಗಲಿರುಳೂ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಲೇ ಇರುವುದರಿಂದ ಸಾಧಾರಣ ಕಾರ್ಡ್ ಅಲ್ಲಿ ಬೇಗನೆ ಸವೆಯುತ್ತದೆ. ಕಳವು ನಡೆದ ದಿನವೇ ಕಾರ್ಡ್ ಕೈಕೊಟ್ಟಿತ್ತೆಂಬುದು ಆಗ ತಿಳಿದರೆ ಪ್ರಯೋಜನವಿಲ್ಲ. ಅಧಿಕ ಬಾಳಿಕೆಯದೆಂದು ಪ್ರತ್ಯೇಕವಾಗಿ ನಮೂದಿಸಿ ಮಾರುವ ಕಾರ್ಡ್‌ಗಳನ್ನೇ ಅಲ್ಲಿ ಬಳಸತಕ್ಕದ್ದು ಹಾಗೂ ಆಗಾಗ್ಗೆ ಒಂದು ಹಳೆಯ ದೃಶ್ಯವನ್ನು ತೆರೆದು ನೋಡತಕ್ಕದ್ದು.

ಎಸ್.ಡಿ. ಕಾರ್ಡಿನ ಪಕ್ಕದಲ್ಲಿರುವ ಚಿಕ್ಕ ಜಾರುಗುಂಡಿಯನ್ನು ಕೆಳಗೆ ಸರಿಸಿದರೆ ಕಾರ್ಡಿಗೆ ಬರೆಯುವುದು, ಅಳಿಸುವುದು ತಡೆಯಲ್ಪಡುತ್ತದೆ. ಆದರೆ ಈ ತಡೆಯನ್ನು ಪಾಲಿಸುವುದು ಕಾರ್ಡ್ ಓದುವ ಸಾಧನವೇ ಹೊರತು ಕಾರ್ಡ್ ಅಲ್ಲ. ಆದ್ದರಿಂದ ಇದು ಕೈತಪ್ಪಿನಿಂದ ರಕ್ಷಿಸೀತೇ ಹೊರತು ದುರುದ್ದೇಶದಿಂದಲ್ಲ. ಮೈಕ್ರೋ ಎಸ್.ಡಿ. ಕಾರ್ಡಿನಲ್ಲಿ ಈ ಗುಂಡಿ ಇರುವುದಿಲ್ಲ.

ಪೆನ್ ಡ್ರೈವ್ ಸೂಕ್ತವಾಗುವ ಸಂದರ್ಭಗಳು

ಕಡತವು ಈಗಾಗಲೇ ಗಣಕಯಂತ್ರದಲ್ಲಿದ್ದು ಅದನ್ನು ಮತ್ತೊಬ್ಬರ ಗಣಕಯಂತ್ರಕ್ಕೆ ಒಯ್ಯಬೇಕಾದಾಗ ಪೆನ್ ಡ್ರೈವ್ ಅನುಕೂಲಕರ. ಎದುರಿನ ಯಂತ್ರದಲ್ಲಿ ಕಾರ್ಡ್ ಕಿಂಡಿ ಇದೆಯೇ ಎಂದು ಕೇಳಬೇಕಾದ ಪ್ರಸಂಗ ಬರುವುದಿಲ್ಲ. ದೂರದರ್ಶನ ಪೆಟ್ಟಿಗೆ, ಬಸ್ಸು ಹಾಗೂ ಕಾರುಗಳ ಸಂಗೀತ ಉಪಕರಣ, ದೇವಸ್ಥಾನಗಳ ಧ್ವನಿವರ್ಧಕ, ಜೆರಾಕ್ಸ್ ಅಂಗಡಿಯ ಮುದ್ರಣ ಯಂತ್ರ ಇವುಗಳಲ್ಲಿ ಬಹುತೇಕ ಯು.ಎಸ್.ಬಿ. ಕಿಂಡಿ ಇರುತ್ತದೆ. ಕೈಗೆ ಹಿಡಿಯಲು ಬರುವಷ್ಟು ದೊಡ್ಡದಾಗಿರುವುದು, ದಾರ ಪೋಣಿಸಿ ಬೀಗದ ಕೈಗೊಂಚಲಿಗೆ ಕಟ್ಟಬಹುದಾಗಿರುವುದು, ಮೇಲೆ ಹೆಸರು ಬರೆದು ಅಂಟಿಸಬಹುದಾಗಿರುವುದು ಇವು ಸಣ್ಣ ವಿಷಯಗಳಂತೆ ತೋರಿದರೂ ಕಳೆದುಹೋಗದಂತೆ ನೋಡಿಕೊಳ್ಳಲು ಇವುಗಳಷ್ಟು ನೆರವಾಗುವ ಗುಣ ಬೇರೊಂದಿಲ್ಲ.

ವೇಗದ ವಿಷಯದಲ್ಲಿ ಪೆನ್ ಡ್ರೈವ್‌ಗೆ ಕಾರ್ಡಿನಂತೆ ಕನಿಷ್ಠ ಭರವಸೆಯ ಚಿಹ್ನೆಗಳಿಲ್ಲ. ಯು.ಎಸ್.ಬಿ. 2.0 (2000) ಸೆಕೆಂಡಿಗೆ 480 ಮೆಗಾಬಿಟ್, ಯು.ಎಸ್.ಬಿ. 3.0 (2008) 5 ಗಿಗಾಬಿಟ್ ಎಂಬುದು ಸಂಪರ್ಕದ ಗರಿಷ್ಠ ಮಿತಿ ಮಾತ್ರ. ಹೆದ್ದಾರಿ ಅಗಲವಾಗಿದ್ದ ಮಾತ್ರಕ್ಕೆ ಎತ್ತಿನಗಾಡಿ ವೇಗವಾಗಿ ಓಡದು. ಒಳಗಿನ ಚಿಪ್ ನಿಧಾನವಾಗಿದ್ದರೆ 3.0 ಎಂದು ಬರೆದಿದ್ದರೂ ನಕಲು ನಿಧಾನವಾಗಿಯೇ ಸಾಗುತ್ತದೆ. ಸೆಕೆಂಡಿಗೆ 8 ಮೆಗಾಬೈಟ್ ಮಾತ್ರ ಬರೆಯಬಲ್ಲ ಪೆನ್ ಡ್ರೈವ್‌ಗೆ 32 ಗಿಗಾಬೈಟ್ ತುಂಬಿಸಲು ಒಂದು ಗಂಟೆಗೂ ಮೀರಿ ಸಮಯ ಹಿಡಿಯುತ್ತದೆ. ಸಾವಿರಾರು ಸಣ್ಣ ಕಡತಗಳಿದ್ದಲ್ಲಿ ಇನ್ನೂ ನಿಧಾನ; ಅವನ್ನು ಜಿಪ್ ಮಾಡಿ ಒಂದೇ ಕಡತವಾಗಿಸಿ ನಕಲಿಸಿದರೆ ಕಾಲ ಉಳಿಯುತ್ತದೆ.

ಮೈಕ್ರೋ ಎಸ್.ಡಿ. ಕಾರ್ಡನ್ನು ಯು.ಎಸ್.ಬಿ. ಕಾರ್ಡ್ ರೀಡರಿನೊಳಗೆ ಇರಿಸಿ ಪೆನ್ ಡ್ರೈವಿನಂತೆ ಬಳಸುವುದೂ ರೂಢಿಯಲ್ಲಿದೆ. ಎರಡೂ ಉಪಯೋಗ ಒಂದರಲ್ಲೇ ದೊರೆಯುವುದಾದರೂ ಅಗ್ಗದ ರೀಡರುಗಳ ಸಂಪರ್ಕ ಸಡಿಲವಾಗಿ ನಕಲು ಅರ್ಧದಲ್ಲಿ ನಿಲ್ಲುವುದುಂಟು. ತಾತ್ಕಾಲಿಕ ಬಳಕೆಗೆ ಇದು ಸರಿ.

ಸಾಮರ್ಥ್ಯ ಹಾಗೂ ಫಾರ್ಮ್ಯಾಟ್

ಎಸ್.ಡಿ. ಎಂಬ ಹೆಸರಿನಡಿ ನಾಲ್ಕು ಪೀಳಿಗೆಗಳಿವೆ. ಮೂಲ ಎಸ್.ಡಿ. 2 ಗಿಗಾಬೈಟ್‌ವರೆಗೆ, 2006ರ ಎಸ್.ಡಿ.ಎಚ್.ಸಿ. 32 ಗಿಗಾಬೈಟ್‌ವರೆಗೆ, 2009ರ ಎಸ್.ಡಿ.ಎಕ್ಸ್.ಸಿ. 2 ಟೆರಾಬೈಟ್‌ವರೆಗೆ, 2018ರ ಎಸ್.ಡಿ.ಯು.ಸಿ. 128 ಟೆರಾಬೈಟ್‌ವರೆಗೆ. ಎಲ್ಲವೂ ಒಂದೇ ಆಕಾರದಲ್ಲಿರುವುದರಿಂದ ಹೊಸ ಕಾರ್ಡ್ ಹಳೆಯ ಉಪಕರಣದೊಳಗೆ ಸಲೀಸಾಗಿ ಹೋಗುತ್ತದೆ, ಆದರೆ ಉಪಕರಣವು ಅದನ್ನು ಓದುವುದಿಲ್ಲ. ಆಗ ಪರದೆಯ ಮೇಲೆ ‘ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ ಮೂಡುತ್ತದೆ. ಒಳಗೆ ಕಡತಗಳಿರುವ ಕಾರ್ಡಿನ ವಿಷಯದಲ್ಲಿ ಈ ಪ್ರಶ್ನೆಗೆ ಎಂದಿಗೂ ಒಪ್ಪಿಗೆ ನೀಡಬಾರದು. ಕಾರ್ಡನ್ನು ಹೊರತೆಗೆದು ಹೊಸ ಉಪಕರಣದಲ್ಲಿ ಪರೀಕ್ಷಿಸಬೇಕು. ಕೆಟ್ಟಿದೆಯೆಂದು ಭಾವಿಸಿದ ಎಷ್ಟೋ ಕಾರ್ಡ್‌ಗಳು ಕೇವಲ ಹಳೆಯ ರೀಡರಿಗೆ ಅರ್ಥವಾಗದವುಗಳಾಗಿರುತ್ತವೆ.

ಎಸ್.ಡಿ.ಎಚ್.ಸಿ. ಕಾರ್ಡ್‌ಗಳೂ ಅನೇಕ ಪೆನ್ ಡ್ರೈವ್‌ಗಳೂ ಫ್ಯಾಟ್32 ಎಂಬ ವಿನ್ಯಾಸದಲ್ಲಿ ಬರುತ್ತವೆ. ಇದನ್ನು ಬಹುತೇಕ ಎಲ್ಲ ಉಪಕರಣಗಳೂ ಓದುತ್ತವೆ. ಆದರೆ 4 ಗಿಗಾಬೈಟ್ ಮೀರಿದ ಒಂದೇ ಕಡತವನ್ನು ಇದರಲ್ಲಿ ಇರಿಸಲಾಗದು. 60 ಗಿಗಾಬೈಟ್ ಖಾಲಿ ಇದ್ದರೂ ‘ಕಡತ ತೀರಾ ದೊಡ್ಡದು’ ಎಂಬ ಸೂಚನೆ ಬರುತ್ತದೆ. ಎಸ್.ಡಿ.ಎಕ್ಸ್.ಸಿ. ಕಾರ್ಡ್‌ಗಳಲ್ಲಿರುವ ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿ ಈ ತೊಡಕಿಲ್ಲ. ಆದರೆ ಹಳೆಯ ಕಾರುಗಳ ಸಂಗೀತ ಉಪಕರಣ, ಹಳೆಯ ದೂರದರ್ಶನ ಪೆಟ್ಟಿಗೆಗಳಲ್ಲಿ ಹಲವು ಅದನ್ನು ಗುರುತಿಸುವುದಿಲ್ಲ. ಆದುದರಿಂದ ಹಾಡುಗಳಿಗೆ 32 ಗಿಗಾಬೈಟ್ ಅಥವಾ ಅದಕ್ಕಿಂತ ಕಡಿಮೆಯ ಫ್ಯಾಟ್32 ಪೆನ್ ಡ್ರೈವ್, ದೊಡ್ಡ ವಿಡಿಯೋ ಕಡತಗಳಿಗೆ ಎಕ್ಸ್‌ಫ್ಯಾಟ್ ಎಂಬ ಪದ್ಧತಿ ಅನುಕೂಲಕರ.

ಕರಾವಳಿಯಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟವೊಂದನ್ನು ಸಿ.ಡಿ. ಗುಣಮಟ್ಟದಲ್ಲಿ, ಸಂಕುಚಿಸದೆ ಧ್ವನಿಮುದ್ರಿಸುವ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಗಂಟೆಗೆ ಸುಮಾರು 635 ಮೆಗಾಬೈಟ್‌ನಂತೆ ಎಂಟು ಗಂಟೆಗೆ 5 ಗಿಗಾಬೈಟ್ ಮೀರುತ್ತದೆ. 8 ಗಿಗಾಬೈಟಿನ ಕಾರ್ಡ್ ಸಾಕೆಂಬುದು ಲೆಕ್ಕ; ಆದರೆ ಫ್ಯಾಟ್32ರ ಮಿತಿಯಿಂದಾಗಿ ಇಡೀ ಆಟ ಒಂದೇ ಕಡತವಾಗಿ ಉಳಿಯದು. ಉತ್ತಮ ಮುದ್ರಣ ಯಂತ್ರಗಳು ತಾವೇ ಎರಡನೆಯ ಕಡತವನ್ನು ಆರಂಭಿಸುತ್ತವೆ. ಎಲ್ಲ ಯಂತ್ರಗಳೂ ಹಾಗೆ ಮಾಡುವುದಿಲ್ಲವಾದ್ದರಿಂದ ಒಂದು ಪ್ರಸಂಗ ಮುಗಿದಾಗ ಮುದ್ರಣವನ್ನು ನಿಲ್ಲಿಸಿ ಪುನಃ ಆರಂಭಿಸುವುದು ಸೂಕ್ತ. ಹೀಗೆ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಮುದ್ರಣ ನಡೆಯುತ್ತಿರುವಾಗಲೇ ಬ್ಯಾಟರಿ ಮುಗಿದರೆ ತೆರೆದಿದ್ದ ಕಡತ ಪೂರ್ಣವಾಗಿ ಮುಚ್ಚಿಕೊಳ್ಳದೆ ಹಾಳಾಗುವ ಸಂಭವವಿದ್ದು, ಮೊದಲೇ ನಿಲ್ಲಿಸಿದ ಭಾಗಗಳಾದರೂ ಸುರಕ್ಷಿತವಾಗಿರುತ್ತವೆ.

64 ಗಿಗಾಬೈಟ್ ಎಂದು ಕೊಂಡದ್ದು ಗಣಕಯಂತ್ರದಲ್ಲಿ ಸುಮಾರು 59.6 ಎಂದು ಕಾಣಿಸಿದರೆ ಅದು ಮೋಸವಲ್ಲ. ತಯಾರಕರು ಒಂದು ಗಿಗಾಬೈಟಿಗೆ ನೂರು ಕೋಟಿ ಬೈಟ್ ಎಂದು ಎಣಿಸಿದರೆ ವಿಂಡೋಸ್ ಸುಮಾರು 107 ಕೋಟಿ ಬೈಟ್ ಎಂದು ಎಣಿಸುತ್ತದೆ.

ನಕಲಿ ಸಾಧನಗಳು

ನಿಜವಾದ ಮೋಸ ಬೇರೆಯೇ ಇದೆ. 8 ಅಥವಾ 16 ಗಿಗಾಬೈಟಿನ ಚಿಪ್ ಇರಿಸಿ, ಕಂಟ್ರೋಲರಿನಲ್ಲಿ 512 ಗಿಗಾಬೈಟ್, 1 ಟೆರಾಬೈಟ್ ಎಂದು ಸುಳ್ಳು ಹೇಳುವಂತೆ ಮಾಡಿ, ಹೆಸರಾಂತ ಸಂಸ್ಥೆಗಳ ಮುದ್ರೆಯೊಂದಿಗೆ ಮಾರುವುದು ಕಾರ್ಡ್ ಮತ್ತು ಪೆನ್ ಡ್ರೈವ್ ಎರಡರಲ್ಲಿಯೂ ವ್ಯಾಪಕವಾಗಿದೆ. ಗಣಕಯಂತ್ರವೂ ಆ ಸುಳ್ಳನ್ನೇ ತೋರಿಸುತ್ತದೆ. ನಿಜವಾದ ಚಿಪ್ ತುಂಬುವವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ನಂತರ ಬರೆದದ್ದು ಎಲ್ಲಿಯೂ ದಾಖಲಾಗುವುದಿಲ್ಲ, ಇಲ್ಲವೇ ಮೊದಲು ಬರೆದುದರ ಮೇಲೆಯೇ ಬರೆಯಲ್ಪಡುತ್ತದೆ. ಕಡತಗಳ ಹೆಸರು, ಗಾತ್ರ ಎಲ್ಲವೂ ಪಟ್ಟಿಯಲ್ಲಿ ಕಾಣುತ್ತಿರುತ್ತವೆ. ತೆರೆದಾಗ ಮಾತ್ರ ಒಳಗೆ ಏನೂ ಇಲ್ಲವೆಂದು ತಿಳಿಯುತ್ತದೆ. ಸಮಾರಂಭ ಮುಗಿದು ವಾರ ಕಳೆದ ಮೇಲೆ ಇದು ಬೆಳಕಿಗೆ ಬಂದಲ್ಲಿ ಯಾವ ತಂತ್ರಜ್ಞರೂ ಸಹಾಯ ಮಾಡಲಾರರು, ಏಕೆಂದರೆ ಆ ಕಡತಗಳು ಎಂದೂ ಬರೆಯಲ್ಪಟ್ಟೇ ಇರುವುದಿಲ್ಲ.

ಅಸಂಭವವೆನಿಸುವಷ್ಟು ಕಡಿಮೆ ಬೆಲೆಯೇ ಮೊದಲ ಸುಳಿವು. ಕೊಂಡ ದಿನವೇ, ಮರಳಿಸುವ ಅವಧಿ ಮುಗಿಯುವ ಮೊದಲು, ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ತಂತ್ರಾಂಶದ ಮೂಲಕ ಸಾಧನವನ್ನು ಪೂರ್ತಿ ತುಂಬಿಸಿ ಮರಳಿ ಓದಿ ನೋಡಬೇಕು. ಇದಕ್ಕೆ ಹಲವು ಗಂಟೆಗಳು ತಗುಲಬಹುದು. ಮುಖ್ಯ ಕಾರ್ಯಕ್ರಮಕ್ಕೆ ಬಳಸುವ ಕಾರ್ಡಿನ ವಿಷಯದಲ್ಲಿ ಈ ಸಮಯ ವ್ಯರ್ಥವಲ್ಲ.

ಸೈಬರ್ ಕೇಂದ್ರ ಹಾಗೂ ಜೆರಾಕ್ಸ್ ಅಂಗಡಿಗಳಲ್ಲಿ ಬಳಕೆ

ಅರ್ಜಿ ಸಲ್ಲಿಸಲು ಅಂಕಪಟ್ಟಿ, ಆಧಾರ್, ಪಹಣಿ, ಬ್ಯಾಂಕ್ ಪಾಸ್ ಪುಸ್ತಕಗಳ ಪ್ರತಿಗಳನ್ನು ಒಂದೇ ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗುವ ಅಭ್ಯಾಸವಿದೆ. ಅಂಗಡಿಯ ಗಣಕಯಂತ್ರಕ್ಕೆ ದಿನಕ್ಕೆ ಹತ್ತಾರು ಜನರ ಪೆನ್ ಡ್ರೈವ್‌ಗಳು ಬಂದುಹೋಗುವುದರಿಂದ ಅದು ವೈರಸ್ ಹರಡುವ ಸಂತೆಯಾಗಿರುತ್ತದೆ. 2008ರಲ್ಲಿ ಪತ್ತೆಯಾದ ಕಾನ್‌ಫಿಕರ್ ಎಂಬ ವರ್ಮ್ ಜಾಲದ ಮೂಲಕ ಮಾತ್ರವಲ್ಲದೆ ಪೆನ್ ಡ್ರೈವ್ ಮೂಲಕವೂ ಜಗತ್ತಿನಾದ್ಯಂತ ಹರಡಿತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್, ಅಂತರಜಾಲಕ್ಕೆ ಜೋಡಿಸದೆ ಇರಿಸಿದ್ದ ಇರಾನಿನ ಪರಮಾಣು ಘಟಕದ ಯಂತ್ರಗಳನ್ನು ತಲುಪಿದ್ದೂ ಇಂತಹ ಸಾಧನದ ಮುಖಾಂತರವೇ ಎಂದು ನಂಬಲಾಗಿದೆ. ಪೆನ್ ಡ್ರೈವ್ ಜೋಡಿಸಿದೊಡನೆ ಅದರೊಳಗಿನ ತಂತ್ರಾಂಶ ತಾನಾಗಿಯೇ ಚಾಲನೆಗೊಳ್ಳುವುದನ್ನು ಮೈಕ್ರೋಸಾಫ್ಟ್ ಸಂಸ್ಥೆ 2009ರ ವಿಂಡೋಸ್ 7ರಲ್ಲಿಯೂ 2011ರಲ್ಲಿ ಹಿಂದಿನ ಆವೃತ್ತಿಗಳಲ್ಲಿಯೂ ನಿಲ್ಲಿಸಿತು. ಆದರೂ ಫೋಲ್ಡರುಗಳನ್ನು ಮರೆಮಾಡಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಸೃಷ್ಟಿಸುವ ವೈರಸ್‌ಗಳು ಇಂದಿಗೂ ಕಾಣಸಿಗುತ್ತವೆ. ಅಂತಹ ಸಂದರ್ಭದಲ್ಲಿ ಮೂಲ ಕಡತಗಳು ಸಾಮಾನ್ಯವಾಗಿ ಒಳಗೇ ಇರುತ್ತವೆ. ಗಾಬರಿಯಿಂದ ಫಾರ್ಮ್ಯಾಟ್ ಮಾಡದೆ, ಆ್ಯಂಟಿವೈರಸ್ ಇರುವ ಯಂತ್ರದಲ್ಲಿ ಶುದ್ಧಗೊಳಿಸಿ, ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಬಳಸಬೇಕು.

ಇಂತಹ ಓಡಾಟಕ್ಕೆ ಕಡಿಮೆ ಸಾಮರ್ಥ್ಯದ ಪ್ರತ್ಯೇಕ ಪೆನ್ ಡ್ರೈವ್ ಇರಿಸಿಕೊಂಡು, ಆ ದಿನ ಬೇಕಾದ ಕಡತವನ್ನಷ್ಟೇ ಅದರಲ್ಲಿ ಹಾಕಿಕೊಂಡು ಹೋಗುವುದು ಸೂಕ್ತ. ಮೊಬೈಲ್ ಫೋನಿನ ಕಾರ್ಡನ್ನು ತೆಗೆದು ಅಂಗಡಿಯವರ ಕೈಗೆ ಕೊಡುವುದಂತೂ ಸರ್ವಥಾ ಸಲ್ಲದು. ಒಂದು ಅಂಕಪಟ್ಟಿಯ ಸಲುವಾಗಿ ಮನೆಮಂದಿಯ ಚಿತ್ರಗಳೆಲ್ಲವೂ ಅಪರಿಚಿತರ ಯಂತ್ರಕ್ಕೆ ತೆರೆದುಕೊಳ್ಳುತ್ತವೆ. ದಾರಿಯಲ್ಲಿ ಸಿಕ್ಕ ಪೆನ್ ಡ್ರೈವನ್ನು ಕುತೂಹಲಕ್ಕೂ ಜೋಡಿಸಬಾರದು. ಪೆನ್ ಡ್ರೈವಿನ ಕಂಟ್ರೋಲರನ್ನೇ ತಿದ್ದಿ ಅದು ಕೀಲಿಮಣೆಯಂತೆ ನಟಿಸಿ ಆದೇಶಗಳನ್ನು ನೀಡುವಂತೆ ಮಾಡಬಹುದೆಂದು ಸಂಶೋಧಕರು 2014ರಲ್ಲಿ ತೋರಿಸಿಕೊಟ್ಟಿದ್ದಾರೆ. ಕಚೇರಿಗಳಲ್ಲಿ ಯಾವ ಪೆನ್ ಡ್ರೈವ್‌ಗಳನ್ನು ಅನುಮತಿಸಬೇಕೆಂದು ನಿಯಂತ್ರಿಸಲು ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿದ ‘ಯು.ಎಸ್.ಬಿ. ಪ್ರತಿರೋಧ್’ ತಂತ್ರಾಂಶವನ್ನು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ 2017ರಲ್ಲಿ ಬಿಡುಗಡೆ ಮಾಡಲಾಯಿತು.

ಕನ್ನಡದ ಕಡತಗಳಿಗೆ ಸಂಬಂಧಿಸಿ ಒಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪೆನ್ ಡ್ರೈವ್ ಕೆಟ್ಟಿದೆ, ವೈರಸ್ ಬಂದಿದೆ ಎಂದು ಭಾವಿಸಿ ಕಡತವನ್ನು ಅಳಿಸಿಹಾಕಿದವರಿದ್ದಾರೆ. ಯೂನಿಕೋಡ್‌ಗೆ ಪರಿವರ್ತಿಸಿಯೋ ಪಿ.ಡಿ.ಎಫ್. ರೂಪದಲ್ಲಿಯೋ ಒಯ್ದಲ್ಲಿ ಈ ತೊಂದರೆ ಬರುವುದಿಲ್ಲ.

ಅಳಿಸಿದ್ದು ಅಳಿದಿರುವುದಿಲ್ಲ

ಕಡತವನ್ನು ಅಳಿಸಿದಾಗ ಅದರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುತ್ತದೆಯೇ ಹೊರತು ಒಳಗಿನ ದತ್ತಾಂಶ ಆ ಕೂಡಲೇ ನಾಶವಾಗುವುದಿಲ್ಲ. ಶೀಘ್ರ ಫಾರ್ಮ್ಯಾಟ್ ಮಾಡಿದಾಗಲೂ ಅಷ್ಟೇ. ಫೋಟೋರೆಕ್‌ನಂತಹ ಉಚಿತ ತಂತ್ರಾಂಶಗಳಿಂದ ಇವನ್ನು ಮರಳಿ ಪಡೆಯಬಹುದು. ಕೈತಪ್ಪಿ ಚಿತ್ರಗಳನ್ನು ಅಳಿಸಿದವರಿಗೆ ಇದು ವರ. ಅಂತಹವರು ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯದೆ ತಕ್ಷಣ ಹೊರತೆಗೆದು, ಮರಳಿ ಪಡೆದ ಕಡತಗಳನ್ನು ಬೇರೆ ಸಾಧನಕ್ಕೆ ಉಳಿಸಬೇಕು. ಕಾರ್ಡನ್ನೋ ಪೆನ್ ಡ್ರೈವನ್ನೋ ಮಾರುವವರಿಗೆ, ಕಳೆದುಕೊಂಡವರಿಗೆ ಇದೇ ಗುಣ ಅಪಾಯಕಾರಿ.

ಖಾಸಗಿ ದಾಖಲೆಗಳನ್ನು ಒಯ್ಯಲೇಬೇಕಾದವರು ಗೂಢಲಿಪೀಕರಣವನ್ನು ಬಳಸಬಹುದಾಗಿದೆ. ವಿಂಡೋಸ್ 7ರಿಂದ ಕೆಲವು ಆವೃತ್ತಿಗಳಲ್ಲಿ ಬಿಟ್‌ಲಾಕರ್ ಟು ಗೋ ಸೌಲಭ್ಯವಿದ್ದು, ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವೂ ಲಭ್ಯವಿದೆ. ಪಾಸ್‌ವರ್ಡ್ ಮರೆತಲ್ಲಿ ಕಡತವನ್ನು ಮರಳಿ ಪಡೆಯುವುದು ಅಸಾಧ್ಯವಾಗಬಹುದು. 2015ರ ಆಂಡ್ರಾಯ್ಡ್ 6ರಿಂದ ಕೆಲವು ಫೋನ್‌ಗಳಲ್ಲಿ ಕಾರ್ಡನ್ನು ಆಂತರಿಕ ಸಂಗ್ರಹವಾಗಿ ಹೊಂದಿಸುವ ಆಯ್ಕೆ ಬಂದಿತು. ಹಾಗೆ ಹೊಂದಿಸಿದ ಕಾರ್ಡ್ ಆ ಫೋನಿಗಷ್ಟೇ ತೆರೆದುಕೊಳ್ಳುತ್ತದೆ. ಫೋನ್ ಕೆಟ್ಟರೆ ಕಾರ್ಡ್ ಚೆನ್ನಾಗಿದ್ದರೂ ಚಿತ್ರಗಳು ದಕ್ಕುವುದಿಲ್ಲ.

ಸುರಕ್ಷಿತವಾಗಿ ತೆಗೆಯುವುದು ಹಾಗೂ ಉಳಿಸುವುದು

ಬರೆಯುವ ಕೆಲಸ ನಡೆಯುತ್ತಿರುವಾಗ ಸಾಧನವನ್ನು ಕಿತ್ತರೆ ಕಡತಗಳ ಪಟ್ಟಿಯೇ ಹಾಳಾಗಬಹುದು. ವಿಂಡೋಸ್ 10ರ 2018ರ ಆವೃತ್ತಿಯೊಂದರಿಂದ ತ್ವರಿತವಾಗಿ ತೆಗೆಯಲು ಅನುವಾಗುವ ವ್ಯವಸ್ಥೆಯನ್ನು ಮೂಲತಃ ಅಳವಡಿಸಲಾಗಿದೆಯಾದರೂ, ಸುರಕ್ಷಿತವಾಗಿ ಹೊರತೆಗೆಯುವ ಆಯ್ಕೆಯನ್ನು ಬಳಸಿ ನಂತರವೇ ಕೀಳುವ ಅಭ್ಯಾಸವನ್ನು ಬಿಡಬೇಕಾಗಿಲ್ಲ.

ವರ್ಷಗಟ್ಟಲೆ ಉಳಿಯಬೇಕಾದ ಕಡತಗಳಿಗೆ ಮೂರು ಪ್ರತಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ ಎಂಬ ಕ್ರಮ ಛಾಯಾಗ್ರಾಹಕರಲ್ಲಿ ರೂಢಿಯಲ್ಲಿದ್ದು ಮನೆಗಳಿಗೂ ಅನ್ವಯಿಸುವಂತಹುದು. ಒಂದು ಪ್ರತಿ ಗಣಕಯಂತ್ರದಲ್ಲಿ, ಇನ್ನೊಂದು ಹೊರ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿರುವ ಬಂಧುಗಳ ಬಳಿಯೋ ಅಂತರಜಾಲದ ಸಂಗ್ರಹದಲ್ಲೋ ಇರಬಹುದು. ಸರ್ಕಾರದಿಂದ ವಿತರಣೆಯಾದ ಪ್ರಮಾಣಪತ್ರಗಳಿಗೆ 2015ರಲ್ಲಿ ಆರಂಭವಾದ ಡಿಜಿಲಾಕರ್ ಲಭ್ಯವಿದೆ. ಪೆನ್ ಡ್ರೈವ್ ಅಥವಾ ಕಾರ್ಡ್ ಇವುಗಳ ಜೊತೆಗೆ ನಾಲ್ಕನೆಯ ಪ್ರತಿಯಾಗಿರಲು ಅಡ್ಡಿಯಿಲ್ಲ. ಹಾಗೆ ಇರಿಸಿದ್ದನ್ನು ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸ ಸಾಧನಕ್ಕೆ ಆಗಾಗ್ಗೆ ನಕಲಿಸಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಇವನ್ನು ಬಿಡಬಾರದು. ಮಲೆನಾಡು, ಕರಾವಳಿಗಳ ಮಳೆಗಾಲದ ತೇವದಿಂದ ಲೋಹದ ಸಂಪರ್ಕಗಳು ಮಂಕಾಗುವುದುಂಟು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇರಿಸುವುದು ಉತ್ತಮ.

ಮುರಿದ ಸಾಧನದಿಂದ ದತ್ತಾಂಶ ತೆಗೆಯುವುದು ಪರಿಣತರ ಕೆಲಸ. ಚಿಪ್ ಮತ್ತು ಕಂಟ್ರೋಲರ್ ಬೇರೆಬೇರೆಯಾಗಿರುವ ದೊಡ್ಡ ಪೆನ್ ಡ್ರೈವಿನ ತುದಿ ಮುರಿದರೆ ಬೆಸುಗೆಯಿಂದ ಸರಿಪಡಿಸಲು ಅನೇಕ ಬಾರಿ ಸಾಧ್ಯ. ಎರಡನ್ನೂ ಒಂದೇ ಎರಕದಲ್ಲಿ ಹುದುಗಿಸಿರುವ ಮೈಕ್ರೋ ಎಸ್.ಡಿ. ಕಾರ್ಡ್ ಹಾಗೂ ಅತಿ ಚಿಕ್ಕ ಪೆನ್ ಡ್ರೈವ್‌ಗಳಲ್ಲಿ ಇದು ಬಹಳ ಕಠಿಣವೂ ದುಬಾರಿಯೂ ಆಗಿರುತ್ತದೆ.

ವಿಲೇವಾರಿ

ಬಳಕೆ ಮುಗಿದ ಸಾಧನಗಳನ್ನು ಮನೆಯ ಕಸದೊಡನೆ ಬೆರೆಸದೆ ಇ-ತ್ಯಾಜ್ಯವೆಂದು ಪ್ರತ್ಯೇಕವಾಗಿ ಒಪ್ಪಿಸಬೇಕು. ಈ ಬಗ್ಗೆ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ದಿನಾಂಕ 1-4-2023ರಿಂದ ಜಾರಿಯಲ್ಲಿವೆ. ಸಾಧನವಿನ್ನೂ ಕೆಲಸ ಮಾಡುತ್ತಿದ್ದಲ್ಲಿ ಒಪ್ಪಿಸುವ ಮೊದಲು ಶೀಘ್ರವಲ್ಲದ ಪೂರ್ಣ ಫಾರ್ಮ್ಯಾಟ್ ಮಾಡಬೇಕು. ಕೆಲಸ ಮಾಡದಿದ್ದಲ್ಲಿ, ಒಳಗೆ ಖಾಸಗಿ ದಾಖಲೆಗಳಿದ್ದವೆಂದಾದರೆ, ಹೊರಕವಚವನ್ನು ಮಾತ್ರವಲ್ಲದೆ ಒಳಗಿನ ಕಪ್ಪು ಚಿಪ್ ತುಂಡಾಗುವಂತೆ ಒಡೆದು ಒಪ್ಪಿಸತಕ್ಕದ್ದು.